ಮೌಸ್‌ಗೆ ಹೊಸ ಬಣ್ಣ: ಸ್ಪ್ರೇ, ಡೈ, ಸ್ಕಿನ್, ಡಿಪ್ – ಯಾವುದು ಯಾವುದಕ್ಕೆ ಸರಿ

ಮೌಸ್‌ನ ಬಣ್ಣ ಬದಲಾಯಿಸಬೇಕು ಅಂದ ಕೂಡಲೇ ಎಲ್ಲರ ಕೈಯೂ ಸ್ಪ್ರೇ ಕ್ಯಾನ್ ಕಡೆಗೇ ಹೋಗುತ್ತದೆ. ತಪ್ಪೇನಿಲ್ಲ. ಆದರೆ ಅದೊಂದೇ ದಾರಿ ಅಲ್ಲ, ಎಷ್ಟೋ ಸಲ ಒಳ್ಳೆಯ ದಾರಿಯೂ ಅಲ್ಲ. ವಿನೈಲ್ ಡೈ ಇದೆ, ಅಂಟಿಸುವ ಸ್ಕಿನ್ ಇದೆ, ಬೇಡವಾದಾಗ ಸುಲಿದು ತೆಗೆಯುವ ರಬ್ಬರ್ ಕೋಟಿಂಗ್ ಇದೆ, ನೀರಲ್ಲಿ ಅದ್ದಿ ಡಿಸೈನ್ ಹಿಡಿಸುವ ಹೈಡ್ರೋ ಡಿಪ್ ಇದೆ, ಲೋಹದ ಕೀಬೋರ್ಡ್ ಆದರೆ ಪೌಡರ್ ಕೋಟಿಂಗ್, ಆನೊಡೈಸಿಂಗ್ ಕೂಡ ಇವೆ. ಫೋಟೊದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಫೋಟೊ ತೆಗೆಯುವುದು ಮೊದಲ ದಿನ, ಅಲ್ವಾ? ಆರು ತಿಂಗಳಾದ ಮೇಲೆ ಹೇಗಿದೆ ಅಂತ ಯಾರೂ ಫೋಟೊ ಹಾಕುವುದಿಲ್ಲ.

ನಾನು ಆಯ್ಕೆ ಮಾಡುವುದು ಒಂದೇ ಲೆಕ್ಕದಲ್ಲಿ: ಆ ಭಾಗಕ್ಕೆ ಕೈ ಎಷ್ಟು ತಾಗುತ್ತದೆ? ಮಾನಿಟರ್ ಸ್ಟ್ಯಾಂಡ್, ವೆಬ್‌ಕ್ಯಾಮ್, ಸ್ಪೀಕರ್ ಡಬ್ಬಿ, ಇವನ್ನು ಯಾರೂ ಮುಟ್ಟುವುದಿಲ್ಲ, ಹಾಗಾಗಿ ಯಾವ ಬಣ್ಣ ಹೊಡೆದರೂ ನಿಲ್ಲುತ್ತದೆ. ಹೆಡ್‌ಫೋನ್‌ನ ಹೊರ ಕಪ್, ಕೀಬೋರ್ಡ್ ಕೇಸ್, ಇವಕ್ಕೆ ಆಗಾಗ ಕೈ ತಾಗುತ್ತದೆ. ಮೌಸ್, ಗೇಮ್ ಕಂಟ್ರೋಲರ್ ಕಥೆಯೇ ಬೇರೆ. ಬೆವರು, ಚರ್ಮದ ಎಣ್ಣೆ, ಉಗುರು, ಉಂಗುರ, ಸ್ಯಾನಿಟೈಸರ್ ಎಲ್ಲ ಸೇರಿ ದಿನವಿಡೀ ಅದೇ ನಾಲ್ಕೈದು ಜಾಗಗಳನ್ನು ಉಜ್ಜುತ್ತಿರುತ್ತವೆ. ಬಣ್ಣ ಮೊದಲು ಹೋಗುವುದೂ ಅಲ್ಲೇ: ಎಡ ಕ್ಲಿಕ್ಕಿನ ತುದಿ, ಹೆಬ್ಬೆರಳು ಕೂರುವ ಪಕ್ಕ, ಅಂಗೈ ಒರಗುವ ಉಬ್ಬು. ಮೌಸ್‌ಗೆ ನಿಲ್ಲುವ ಬಣ್ಣ ಬೇರೆ ಹೆಚ್ಚಿನವಕ್ಕೂ ನಿಲ್ಲುತ್ತದೆ. ಅದಕ್ಕೇ ಇಲ್ಲಿ ಮೌಸನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಪ್ಲಾಸ್ಟಿಕ್ ಯಾವುದು ನೋಡಿ

ಮೌಸ್‌ನ ಚಿಪ್ಪು, ಅಂದರೆ ಹೊರ ಕವಚ, ಬಿಚ್ಚಿ ಒಳಮೈ ನೋಡಿದರೆ ಎಷ್ಟೋ ಸಲ ಒಂದು ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ಪ್ಲಾಸ್ಟಿಕ್‌ನ ಹೆಸರು ಅಚ್ಚಾಗಿರುತ್ತದೆ. ಮೌಸ್‌ಗಳಲ್ಲಿ ಜಾಸ್ತಿ ಸಿಗುವುದು ಎಬಿಎಸ್. ಬಣ್ಣ ಹೊಡೆಯುವವರಿಗೆ ಇದು ಒಳ್ಳೆಯ ಸುದ್ದಿ. ಬಣ್ಣದಲ್ಲಿರುವ ಸಾಲ್ವೆಂಟ್ (ಬಣ್ಣವನ್ನು ಕರಗಿಸಿಟ್ಟು ಆಮೇಲೆ ಆರಿಹೋಗುವ ದ್ರವ) ಎಬಿಎಸ್‌ನ ಮೇಲ್ಮೈಯನ್ನು ತುಸು ಮೆತ್ತಗೆ ಮಾಡುತ್ತದೆ, ಬಣ್ಣ ಅಲ್ಲೇ ಕಚ್ಚಿಕೊಳ್ಳುತ್ತದೆ. ಅದೇ ಕಾರಣಕ್ಕೆ ಅಸಿಟೋನ್ ಹಾಕಿ ಒರೆಸಿದರೆ ಚಿಪ್ಪೇ ಕರಗುತ್ತದೆ. ನೈಲ್ ಪಾಲಿಶ್ ರಿಮೂವರ್‌ನಲ್ಲಿ ಎಷ್ಟೋ ಸಲ ಇರುವುದು ಅಸಿಟೋನ್, ಥಿನ್ನರ್‌ನಲ್ಲೂ ಅಂಥದ್ದೇ ಸಾಲ್ವೆಂಟ್ ಇರುತ್ತದೆ. ಎರಡನ್ನೂ ದೂರ ಇಡಿ. ಒರೆಸುವುದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು.

ಪಾಲಿಕಾರ್ಬೊನೇಟ್ ಗಟ್ಟಿ ಪ್ಲಾಸ್ಟಿಕ್, ಆದರೆ ಖಾರವಾದ ಸಾಲ್ವೆಂಟ್ ಬಿದ್ದರೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಪಿಬಿಟಿ ಅನ್ನುವ ಪ್ಲಾಸ್ಟಿಕ್ ಕೀಕ್ಯಾಪ್‌ಗಳಲ್ಲಿ, ಅಂದರೆ ಕೀಬೋರ್ಡಿನಲ್ಲಿ ಬೆರಳು ಒತ್ತುವ ಅಕ್ಷರದ ಟೋಪಿಗಳಲ್ಲಿ, ಸಿಗುತ್ತದೆ. ಸಾಲ್ವೆಂಟ್‌ಗೆ ಜಗ್ಗುವುದಿಲ್ಲ, ಅಂದರೆ ಬಣ್ಣವನ್ನೂ ಸರಿಯಾಗಿ ಹಿಡಿದುಕೊಳ್ಳುವುದಿಲ್ಲ. ಮೇಣದ ಹಾಗೆ ನುಣುಪಾಗಿರುವ ಪಾಲಿಪ್ರೊಪಿಲೀನ್ ಇದ್ದರೆ ಅಡ್ಹೀಶನ್ ಪ್ರಮೋಟರ್ ಅಂತ ಒಂದು ಬೇರೆ ಸ್ಪ್ರೇ ಬೇಕೇ ಬೇಕು, ಇಲ್ಲದಿದ್ದರೆ ಒಣಗಿದ ಬಣ್ಣ ಹಾಳೆ ಹಾಳೆಯಾಗಿ ಏಳುತ್ತದೆ.

ಇನ್ನೊಂದು ಜಾತಿ ಇದೆ. ಹಳೆಯ ಮೌಸ್ ಕೈಗೆ ಅಂಟಂಟಾಗುತ್ತಲ್ಲ, ಅದು. ಅದು ಕೊಳೆ ಅಲ್ಲ. ಮೆತ್ತಗಿನ ಹಿಡಿತ ಸಿಗಲಿ ಅಂತ ಕಂಪನಿಯವರೇ ಬಳಿದ ಸಾಫ್ಟ್-ಟಚ್ ಕೋಟಿಂಗ್, ಸಾಮಾನ್ಯವಾಗಿ ಪಾಲಿಯುರೇಥೇನ್. ಗಾಳಿಯ ತೇವ, ಬೆವರು ಸೇರಿ ವರ್ಷಗಳಲ್ಲಿ ಅದನ್ನು ಒಡೆದು ಅಂಟು ಮಾಡುತ್ತವೆ. ಇದರ ಮೇಲೆ ಎಂಥಾ ಬಣ್ಣ ಹೊಡೆದರೂ ದಂಡ, ತಳವೇ ಜಾರುತ್ತಿರುವಾಗ ಮೇಲಿನದು ಹೇಗೆ ನಿಲ್ಲುತ್ತದೆ? ಐಸೊಪ್ರೊಪೈಲ್‌ನಲ್ಲಿ ಬಟ್ಟೆ ಒದ್ದೆ ಮಾಡಿ ಉಜ್ಜಿ ಪೂರ್ತಿ ತೆಗೆಯಿರಿ. ತುಂಬಾ ಹೊತ್ತು ಹಿಡಿಯುತ್ತದೆ, ಬಟ್ಟೆ ಕಪ್ಪಾಗುತ್ತಲೇ ಇರುತ್ತದೆ. ತೆಗೆದ ಮೇಲೆ ಅಡಿಯಲ್ಲಿ ಸಾಧಾರಣವಾಗಿ ಒಳ್ಳೆಯ ಬರಿಯ ಪ್ಲಾಸ್ಟಿಕ್ ಸಿಗುತ್ತದೆ, ಕೆಲವರಿಗೆ ಅದೇ ಇಷ್ಟವಾಗಿ ಬಣ್ಣದ ಯೋಚನೆಯನ್ನೇ ಬಿಡುತ್ತಾರೆ.

ಹಾಗೆಯೇ, ನಿಮ್ಮ ತೊಂದರೆ ಬರೀ ಹಳದಿ ತಿರುಗಿದ ಬಿಳಿ ಪ್ಲಾಸ್ಟಿಕ್ ಆಗಿದ್ದರೆ ಬಣ್ಣ ಬೇಡವೇ ಬೇಡ. ಹಳೆಯ ಕಂಪ್ಯೂಟರ್ ಇಟ್ಟುಕೊಳ್ಳುವವರು ಹೈಡ್ರೋಜನ್ ಪೆರಾಕ್ಸೈಡ್ ಕ್ರೀಮ್ ಬಳಿದು, ಪ್ಲಾಸ್ಟಿಕ್ ಹಾಳೆ ಸುತ್ತಿ, ಬಿಸಿಲಿಗೋ ಯುವಿ ದೀಪಕ್ಕೋ ಇಟ್ಟು ಬಿಳಿ ಮಾಡುತ್ತಾರೆ. ಕೆಲವು ವರ್ಷಗಳ ನಂತರ ಮತ್ತೆ ಹಳದಿ ಬರಬಹುದು. ಬಂದರೆ ಆಗ ಬಣ್ಣದ ಮಾತು.

ಸ್ಪ್ರೇ ಕ್ಯಾನ್: ಸುಲಭ ಅನ್ನಿಸುತ್ತದೆ, ಅಷ್ಟು ಸುಲಭ ಅಲ್ಲ

ಬಣ್ಣಗಳ ಆಯ್ಕೆ ಇದರಲ್ಲೇ ಜಾಸ್ತಿ. ಮ್ಯಾಟ್ (ಮಂಕು), ಗ್ಲಾಸಿ (ಹೊಳಪು), ಮೆಟಾಲಿಕ್, ಪರ್ಲ್ ಏನು ಬೇಕೋ ಅದು ಸಿಗುತ್ತದೆ. ಎರಡು ಬಣ್ಣ ಒಂದರೊಳಗೊಂದು ಕರಗುವ ಹಾಗೆ ಮಾಡುವುದೂ ಇದರಲ್ಲಿ ಸಾಧ್ಯ. ಆದರೆ ಇದು ಮೂರು ಪದರದ ಕೆಲಸ: ಬಣ್ಣ ಕಚ್ಚಿಕೊಳ್ಳಲು ಅಡಿಗೆ ಪ್ರೈಮರ್, ಬಣ್ಣ, ಅದರ ಮೇಲೆ ಕ್ಲಿಯರ್, ಅಂದರೆ ಬಣ್ಣವನ್ನು ಕಾಯುವ ಪಾರದರ್ಶಕ ಪದರ. ಈ ಮೂರು ಪದರದ ದಪ್ಪವೇ ಮೌಸ್‌ನಲ್ಲಿ ತಲೆನೋವು.

ಲೆಕ್ಕ ಹಾಕಿ ನೋಡಿ. ಒಣಗಿದ ಮೂರೂ ಪದರ ಸೇರಿ ಸುಮಾರು 0.1 ಮಿಲಿಮೀಟರ್ ಅಂದುಕೊಳ್ಳೋಣ. ಎಡ ಬಲ ಕ್ಲಿಕ್ಕುಗಳ ನಡುವಿನ ಸಂದಿಯ ಎರಡೂ ಗೋಡೆಗೆ ಬಣ್ಣ ಕೂತರೆ ಸಂದಿ 0.2 ಮಿಲಿಮೀಟರ್ ಕಿರಿದಾಯಿತು. ಅಲ್ಲಿದ್ದ ಸಂದಿಯೇ ತೀರಾ ಸಣ್ಣದು. ಆಗ ಕ್ಲಿಕ್ ಒಂದಕ್ಕೊಂದು ಉಜ್ಜುತ್ತದೆ, ಒತ್ತಿದ ಬಟನ್ ನಿಧಾನಕ್ಕೆ ಮೇಲೆ ಬರುತ್ತದೆ, ಉಜ್ಜಿದ ಅಂಚಿನಿಂದಲೇ ಬಣ್ಣ ಏಳುವುದಕ್ಕೆ ಶುರುವಾಗುತ್ತದೆ. ತೂಕವೂ ಅಷ್ಟೇ. ಮೇಲ್ಚಿಪ್ಪಿನ ಹೊರಮೈ 150 ಚದರ ಸೆಂಟಿಮೀಟರ್ ಇದ್ದರೆ 0.1 ಮಿಲಿಮೀಟರ್ ದಪ್ಪದ ಬಣ್ಣ ಅಂದರೆ 1.5 ಘನ ಸೆಂಟಿಮೀಟರ್, ಹೆಚ್ಚು ಕಡಿಮೆ ಎರಡು ಗ್ರಾಂ. ಮಾಮೂಲಿ ಮೌಸ್‌ಗೆ ಇದು ಲೆಕ್ಕಕ್ಕೇ ಬರುವುದಿಲ್ಲ, 60 ಗ್ರಾಂಗಿಂತ ಹಗುರ ಅಂತಲೇ ಆರಿಸಿ ತಂದ ಮೌಸ್ ಆದರೆ ನಿಮಗೆ ಹೊಟ್ಟೆ ಉರಿಯಬಹುದು.

ಹಾಗಾಗಿ ಕ್ಲಿಕ್ಕಿನ ಪಕ್ಕದ ಅಂಚು, ಚಿಪ್ಪು ಚಿಪ್ಪಿಗೆ ಸೇರುವ ತುಟಿ, ಒಳಗಿನ ಕ್ಲಿಪ್, ಸ್ಕ್ರೂ ಕೂರುವ ತೂತು, ಬಟನ್ ಒಳಗೆ ಸ್ವಿಚ್ಚನ್ನು ಒತ್ತುವ ಚಿಕ್ಕ ಕಂಬ, ಇಷ್ಟಕ್ಕೂ ಮಾಸ್ಕಿಂಗ್ ಟೇಪ್ ಹಾಕಿ. ಆ ಕಂಬದ ತುದಿಯಲ್ಲಿ ಬಣ್ಣ ಕೂತರೆ ಬಟನ್ ಮೊದಲೇ ಒತ್ತಿಕೊಂಡ ಹಾಗಾಗಿ ಕ್ಲಿಕ್ ತಾನಾಗಿಯೇ ಆಗುತ್ತದೆ. ಸೆನ್ಸರ್ ಲೆನ್ಸ್ ಮಾತ್ರ ಟೇಪ್ ಹಾಕಿ ಬಿಡುವಂಥದ್ದಲ್ಲ, ಬಣ್ಣ ಹೊಡೆಯುವ ಕೋಣೆಯಲ್ಲೇ ಇರಬಾರದು. ಗಾಳಿಯಲ್ಲಿ ತೇಲುವ ಬಣ್ಣದ ಹೊಗೆ ಎಲ್ಲಿಗೆ ಬೇಕಾದರೂ ಹೋಗಿ ಕೂರುತ್ತದೆ.

ಹೊಡೆಯುವ ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ಚಿಪ್ಪು ತೊಳೆಯಿರಿ. 400ರ ಎಮರಿ ಪೇಪರ್‌ನಲ್ಲಿ ಹೊಳಪು ಹೋಗುವ ತನಕ ಉಜ್ಜಿ, ಆಮೇಲೆ 600 ಅಥವಾ 800ರಲ್ಲಿ ನಯ ಮಾಡಿ. ಪ್ಲಾಸ್ಟಿಕ್ ತಿನ್ನುವುದು ಬೇಡ, ಮೇಲ್ಮೈ ಒಂದೇ ಸಮನೆ ಮಂಕಾದರೆ ಸಾಕು. ಎಲ್ಲೋ ಒಂದು ಕಡೆ ಮಿಂಚುವ ಚುಕ್ಕೆ ಉಳಿಯಿತು ಅಂದರೆ ಬಣ್ಣ ಬಿಡುವುದು ಅಲ್ಲಿಂದಲೇ. ನಂತರ ಐಸೊಪ್ರೊಪೈಲ್‌ನಲ್ಲಿ ಒರೆಸಿ. ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ.

ಕ್ಯಾನ್ 20ರಿಂದ 25 ಸೆಂಟಿಮೀಟರ್ ದೂರ ಹಿಡಿಯಿರಿ. ಸ್ಪ್ರೇ ಶುರುವಾಗುವುದು ಚಿಪ್ಪಿನ ಹೊರಗೆ, ನಿಲ್ಲುವುದೂ ಹೊರಗೆ. ಮೊದಲ ಕೋಟ್‌ನಲ್ಲಿ ಅಡಿಯ ಬಣ್ಣ ಕಾಣುತ್ತಲೇ ಇರಬೇಕು, ಕಾಣದ ಹಾಗೆ ಮಾಡಲು ಹೋದರೆ ಇಳಿಯುತ್ತದೆ. ತೆಳುವಾಗಿ ಮೂರು ನಾಲ್ಕು ಕೋಟ್, ನಡುವೆ ಹತ್ತು ನಿಮಿಷ. ತುಂಬ ಹತ್ತಿರ ಹಿಡಿದರೆ ಬಣ್ಣ ಹರಿಯುತ್ತದೆ, ತುಂಬ ದೂರ ಹಿಡಿದರೆ ಗಾಳಿಯಲ್ಲೇ ಅರ್ಧ ಒಣಗಿ ಪುಡಿಪುಡಿಯಾಗಿ ಕೂರುತ್ತದೆ. ಮಳೆ ಬರುವ ದಿನ ಕೈ ಹಾಕಬೇಡಿ. ಲ್ಯಾಕರ್ ಬಣ್ಣದಲ್ಲಿ ಸಾಲ್ವೆಂಟ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಬೆಳ್ಳಗೆ ಮಂಜು ಕವಿದ ಹಾಗೆ ಕಾಣುತ್ತದೆ. ಕಪ್ಪು ಬಣ್ಣದಲ್ಲಿ ಇದು ಎದ್ದು ಕಾಣುತ್ತದೆ.

ಎನಾಮೆಲ್, ಲ್ಯಾಕರ್ ಎರಡನ್ನೂ ಬೆರೆಸಬೇಡಿ, ಅದರಲ್ಲೂ ಎನಾಮೆಲ್ ಮೇಲೆ ಲ್ಯಾಕರ್ ಬೇಡ. ಲ್ಯಾಕರ್‌ನ ಸಾಲ್ವೆಂಟ್ ಅಡಿಯ ಎನಾಮೆಲನ್ನು ಉಬ್ಬಿಸಿ ಸುಕ್ಕು ಬರಿಸುತ್ತದೆ. ಕೆಲವು ಎನಾಮೆಲ್ ಕ್ಯಾನ್‌ಗಳ ಮೇಲೆ ಮುಂದಿನ ಕೋಟನ್ನು ಒಂದು ಗಂಟೆಯೊಳಗೆ ಹೊಡೆಯಿರಿ, ಇಲ್ಲವೇ 48 ಗಂಟೆ ಆದ ಮೇಲೆ ಹೊಡೆಯಿರಿ ಅಂತ ಬರೆದಿರುತ್ತದೆ. ಸುಮ್ನೆ ಬರೆದಿದ್ದಲ್ಲ ಅದು. ನಡುವಿನ ಹೊತ್ತಲ್ಲಿ ಮೇಲೆ ತೊಗಲು ಕಟ್ಟಿರುತ್ತದೆ, ಒಳಗೆ ಹಸಿ ಇರುತ್ತದೆ. ಆಗ ಹೊಡೆದರೆ ಸುಕ್ಕು ಗ್ಯಾರಂಟಿ. ಪ್ರೈಮರ್, ಬಣ್ಣ, ಕ್ಲಿಯರ್ ಮೂರನ್ನೂ ಒಂದೇ ಕಂಪನಿಯ ಒಂದೇ ಸರಣಿಯಿಂದ ತೆಗೆದುಕೊಂಡರೆ ಈ ತಾಪತ್ರಯ ಹೆಚ್ಚುಕಡಿಮೆ ಇರುವುದಿಲ್ಲ.

ಕ್ಲಿಯರ್‌ನಲ್ಲಿ 1ಕೆ, 2ಕೆ

ಸ್ಪ್ರೇ ಮಾಡಿದ ಮೌಸ್ ಎಷ್ಟು ದಿನ ಬಾಳುತ್ತದೆ ಅನ್ನುವುದು ಬಣ್ಣದಿಂದ ಅಲ್ಲ, ಮೇಲಿನ ಕ್ಲಿಯರ್‌ನಿಂದ ತೀರ್ಮಾನವಾಗುತ್ತದೆ. ಮಾಮೂಲಿ ಕ್ಯಾನ್‌ನಲ್ಲಿ ಬರುವುದು 1ಕೆ, ಅಂದರೆ ಗಟ್ಟಿ ಮಾಡುವ ಹಾರ್ಡನರ್ ಬೇರೆ ಬೆರೆಸದೆ ಒಂದೇ ಘಟಕದಲ್ಲಿ ಬರುವಂಥದ್ದು; 2ಕೆ ಅಂದರೆ ಎರಡು ಘಟಕದ್ದು. ಅದರಲ್ಲಿ ಅಕ್ರಿಲಿಕ್ ಲ್ಯಾಕರ್ ಸಾಲ್ವೆಂಟ್ ಆರಿದ ಮಾತ್ರಕ್ಕೆ ಗಟ್ಟಿಯಾಗುತ್ತದೆ, ಅಂದರೆ ಸಾಲ್ವೆಂಟ್ ಮತ್ತೆ ಬಿದ್ದರೆ ಮತ್ತೆ ಮೆತ್ತಗಾಗುತ್ತದೆ. ಕೈಗೆ ಸ್ಯಾನಿಟೈಸರ್ ಹಚ್ಚಿ ಒಣಗುವ ಮೊದಲೇ ಮೌಸ್ ಹಿಡಿಯುವ ಅಭ್ಯಾಸ ಇದ್ದರೆ ಹೆಬ್ಬೆರಳಿನ ಗುರುತು ಕ್ಲಿಯರ್‌ನಲ್ಲಿ ಮೂಡುವುದನ್ನು ನೀವೇ ನೋಡಬಹುದು.

2ಕೆ ಕ್ಯಾನ್‌ನಲ್ಲಿ ಹಾರ್ಡನರ್ ಒಳಗೆ ಬೇರೆ ಡಬ್ಬಿಯಲ್ಲಿ ಇರುತ್ತದೆ. ತಳದ ಗುಂಡಿ ಒತ್ತಿದರೆ ಅದು ಒಡೆದು ಬೆರೆಯುತ್ತದೆ, ಚೆನ್ನಾಗಿ ಕುಲುಕಿ ಹೊಡೆಯಬೇಕು. ಇದು ರಾಸಾಯನಿಕವಾಗಿ ಹೆಣೆದುಕೊಂಡು ಗಟ್ಟಿಯಾಗುವುದರಿಂದ ಆಲ್ಕೋಹಾಲ್‌ಗೆ, ಬೆವರಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಒಮ್ಮೆ ಗುಂಡಿ ಒತ್ತಿದ ಮೇಲೆ ಕ್ಯಾನ್ ಒಂದೆರಡು ದಿನದಲ್ಲಿ ಒಳಗೇ ಕಲ್ಲಾಗುತ್ತದೆ. ಹಾಗಾಗಿ ಬಣ್ಣ ಹೊಡೆಯುವ ಸಾಮಾನೆಲ್ಲ ಒಂದೇ ದಿನಕ್ಕೆ ಜೋಡಿಸಿಕೊಳ್ಳಿ.

ಮೌಸ್‌ಗೆ, ಕಂಟ್ರೋಲರ್‌ಗೆ ನಿಜಕ್ಕೂ ನಿಲ್ಲುವುದು ಇದೇ. ಆದರೆ ಒಂದು ದೊಡ್ಡ ಆದರೆ ಇದೆ. ಆ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಉಸಿರಲ್ಲಿ ಹೋದರೆ ಅಸ್ತಮಾ ಬರಿಸಬಲ್ಲದು, ಒಮ್ಮೆ ದೇಹಕ್ಕೆ ಅದರ ಅಲರ್ಜಿ ಬಂತೆಂದರೆ ಮುಂದೆ ತೀರಾ ಸ್ವಲ್ಪ ತಾಗಿದರೂ ಉಸಿರು ಕಟ್ಟಬಹುದು. ವಾಸನೆ ಬರುತ್ತಿಲ್ಲ ಅಂದ ಮಾತ್ರಕ್ಕೆ ಗಾಳಿಯಲ್ಲಿ ಇಲ್ಲ ಅಂತ ಅಲ್ಲ. ಬಟ್ಟೆಯ ಮಾಸ್ಕ್, ಧೂಳಿನ ಮಾಸ್ಕ್ ಇದಕ್ಕೆ ಏನೂ ಮಾಡುವುದಿಲ್ಲ. ವೃತ್ತಿಯವರು ಹೊರಗಿನ ಗಾಳಿ ಪೈಪ್‌ನಲ್ಲಿ ಬರುವ ಮುಖವಾಡ ಹಾಕುತ್ತಾರೆ. ಮನೆಯೊಳಗೆ, ಬಾಲ್ಕನಿಯಲ್ಲಿ, ಮಕ್ಕಳು ಓಡಾಡುವ ಕಡೆ 2ಕೆ ಹೊಡೆಯುವ ಮಾತೇ ಬೇಡ. ಕಾರಿಗೆ ಬಣ್ಣ ಹೊಡೆಯುವ ಶೆಡ್‌ನವರಿಗೆ ಚಿಪ್ಪು ಕೊಟ್ಟು ಕ್ಲಿಯರ್ ಮಾತ್ರ ಹೊಡೆಸಿಕೊಳ್ಳುವುದು ನನ್ನ ಪ್ರಕಾರ ಎಲ್ಲಕ್ಕಿಂತ ಬುದ್ಧಿವಂತಿಕೆಯ ದಾರಿ. ಅವರ ದೊಡ್ಡ ಕೆಲಸದ ಕೊನೆಯಲ್ಲಿ ಉಳಿದ ಕ್ಲಿಯರ್‌ನಲ್ಲಿ ನಿಮ್ಮ ಮೌಸ್ ಮುಗಿದು ಹೋಗುತ್ತದೆ.

ಮಾಮೂಲಿ ಬಣ್ಣಕ್ಕೂ ಮಾಸ್ಕ್ ಬೇಕು. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವಂಥದ್ದು, ಮುಂದೆ ಧೂಳಿನ ಫಿಲ್ಟರ್ ಸೇರಿ. ಸ್ಪ್ರೇ ಕ್ಯಾನ್‌ನ ಗ್ಯಾಸ್ ಹೊತ್ತಿಕೊಳ್ಳುತ್ತದೆ, ಸ್ಟವ್ ಹತ್ತಿರ ಬೇಡ.

ಮ್ಯಾಟ್ ಬೇಕೋ ಗ್ಲಾಸಿ ಬೇಕೋ ಅನ್ನುವವರಿಗೆ ಒಂದು ಮಾತು. ಮ್ಯಾಟ್ ಅಂದರೆ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಉಬ್ಬುತಗ್ಗು. ಕೈ ಉಜ್ಜಿ ಉಜ್ಜಿ ಆ ಉಬ್ಬುಗಳು ಸವೆದರೆ ಅಲ್ಲಿ ಮಾತ್ರ ಹೊಳಪು ಬರುತ್ತದೆ, ಮತ್ತೆ ಮ್ಯಾಟ್ ಮಾಡುವುದಕ್ಕೆ ಪಾಲಿಶ್‌ನಿಂದ ಆಗುವುದಿಲ್ಲ. ಗ್ಲಾಸಿ ಗೀರು ತೋರಿಸುತ್ತದೆ, ಬೆರಳಚ್ಚು ತೋರಿಸುತ್ತದೆ, ಕೈ ಬೆವರಿದರೆ ಜಾರುತ್ತದೆ, ಆದರೆ 2000ರ ಪೇಪರ್ ಒದ್ದೆ ಮಾಡಿ ತಿಕ್ಕಿ ಪಾಲಿಶ್ ಹಾಕಿದರೆ ಹೊಸದಾಗುತ್ತದೆ. ನನಗೆ ಮೌಸ್‌ನಲ್ಲಿ ಸ್ಯಾಟಿನ್ ಇಷ್ಟ. ಎರಡರ ನಡುವೆ ಇರುತ್ತದೆ, ಸವೆದರೂ ಅಷ್ಟು ಎದ್ದು ಕಾಣುವುದಿಲ್ಲ.

ವಿನೈಲ್ ಡೈ: ಯಾರೂ ಮಾತಾಡದ ಆಯ್ಕೆ

ಕಾರಿನ ಡ್ಯಾಶ್‌ಬೋರ್ಡ್, ಸೀಟು, ಪ್ಲಾಸ್ಟಿಕ್ ಟ್ರಿಮ್ ಬಣ್ಣ ಬದಲಾಯಿಸುವುದಕ್ಕೆ ವಿನೈಲ್ ಡೈ ಅಂತ ಒಂದು ಸ್ಪ್ರೇ ಮಾರುತ್ತಾರೆ. ಡೈ ಅಂತ ಹೆಸರಿದ್ದರೂ ನಿಜವಾಗಿ ಬಳುಕುವ ತೀರಾ ತೆಳು ಕೋಟಿಂಗ್ ಅದು. ಎಬಿಎಸ್‌ಗೆ ಚೆನ್ನಾಗಿ ಕಚ್ಚುತ್ತದೆ. ಸಾಮಾನ್ಯವಾಗಿ ಪ್ರೈಮರ್ ಬೇಕಿಲ್ಲ, ಎಷ್ಟೋ ಸಲ ಕ್ಲಿಯರ್ ಕೂಡ ಬೇಕಿಲ್ಲ. ಅಂದರೆ ಮೂರು ಪದರದ ಜಾಗದಲ್ಲಿ ಒಂದು. ಕ್ಲಿಕ್ಕಿನ ಸಂದಿಯ ತಲೆನೋವು ಅರ್ಧಕ್ಕರ್ಧ ಹೋಯಿತು.

ಇದರ ದೊಡ್ಡ ಲಾಭ ಇನ್ನೊಂದು. ಕಂಪನಿಯವರು ಮೌಸ್‌ನ ಪಕ್ಕದಲ್ಲಿ ಹಿಡಿತಕ್ಕೆ ಅಂತ ಒಂದು ತರಿತರಿ ಕೊಟ್ಟಿರುತ್ತಾರಲ್ಲ, ಮಾಮೂಲಿ ಬಣ್ಣ ಹೊಡೆದರೆ ಅದು ತುಂಬಿ ಮಟ್ಟಸವಾಗುತ್ತದೆ, ಮೌಸ್ ಆಟಿಕೆಯ ಹಾಗೆ ಕಾಣುತ್ತದೆ. ಡೈ ಹೊಡೆದರೆ ತರಿ ಹಾಗೆಯೇ ಉಳಿಯುತ್ತದೆ. ಮೊದಲೇ ಆ ಬಣ್ಣದಲ್ಲೇ ಬಂದಿತ್ತು ಅನ್ನಿಸುತ್ತದೆ. ತರಿ ಇರುವ ಚಿಪ್ಪಿಗೆ ಎಮರಿ ಪೇಪರ್ ಹಾಕಿ ಅದನ್ನು ಸವೆಸಲೂ ಬೇಡ, ಚೆನ್ನಾಗಿ ತೊಳೆದು, ಹಸಿರು ಸ್ಕ್ರಬ್ ಪ್ಯಾಡ್‌ನಲ್ಲಿ ಹಗುರಾಗಿ ಉಜ್ಜಿ, ಒರೆಸಿದರೆ ಸಾಕು.

ಕೊರತೆ? ಬಣ್ಣಗಳು ಕಡಿಮೆ. ಕಪ್ಪು, ಬೂದು, ಬಿಳಿ, ಕಂದು, ಕೆಲವು ಕೆಂಪು ನೀಲಿ. ತೆಳುವಾದ್ದರಿಂದ ಗೀರನ್ನು ಮುಚ್ಚುವುದಿಲ್ಲ. ಕಪ್ಪು ಮೌಸನ್ನು ಬಿಳಿ ಮಾಡಲು ಹೊರಟರೆ ಕೋಟ್ ಮೇಲೆ ಕೋಟ್ ಹಾಕಬೇಕಾಗಿ ತೆಳುವಿನ ಲಾಭವೇ ಹೋಗುತ್ತದೆ. ಬಿಳಿಯಿಂದ ಗಾಢ ಬಣ್ಣಕ್ಕೆ ಹೋಗುವವರಿಗೆ, ಒಂದೇ ಬಣ್ಣ ಸಾಕು ಅನ್ನುವವರಿಗೆ ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ.

ಸ್ಕಿನ್ ಅಂಟಿಸುವುದು

ವಾರಂಟಿ ಇನ್ನೂ ಇದೆ, ಬಿಚ್ಚುವುದಕ್ಕೆ ಧೈರ್ಯ ಇಲ್ಲ, ಅಥವಾ ಮೌಸ್ ಆಫೀಸಿನದ್ದು. ಹಾಗಾದರೆ ಸ್ಕಿನ್ನೇ ಸರಿ. ನಿಮ್ಮ ಮಾಡೆಲ್‌ಗೆ ಅಂತಲೇ ಕತ್ತರಿಸಿದ್ದು ಸಿಕ್ಕರೆ ಇನ್ನೂ ಒಳ್ಳೆಯದು. ವಾಸನೆ ಇಲ್ಲ, ಒಣಗುವ ತನಕ ಕಾಯುವ ಕೆಲಸ ಇಲ್ಲ, ಬೇಜಾರಾದರೆ ಕಿತ್ತು ಬಿಸಾಡಿ ಇನ್ನೊಂದು. ಹಿಡಿತದ ತರಿ ಇರುವ ಸ್ಕಿನ್ ಆದರೆ ಬಣ್ಣಕ್ಕಿಂತ ಎಷ್ಟೋ ಚೆನ್ನಾಗಿ ಕೈಗೆ ಕೂರುತ್ತದೆ.

ಹಾಳೆ ತಂದು ನೀವೇ ಕತ್ತರಿಸುವುದಾದರೆ ಕಾಸ್ಟ್ ವಿನೈಲ್ ಕೇಳಿ ತೆಗೆದುಕೊಳ್ಳಿ, ಕ್ಯಾಲೆಂಡರ್ಡ್ ಬೇಡ. ಕ್ಯಾಲೆಂಡರ್ಡ್ ಅಂದರೆ ರೋಲರ್ ನಡುವೆ ಒತ್ತಿ ಎಳೆದು ಮಾಡಿದ ಹಾಳೆ. ಎಳೆದಿದ್ದು ವಾಪಸ್ ಕುಗ್ಗಲು ನೋಡುತ್ತದೆ, ಕೆಲವು ವಾರಗಳಲ್ಲಿ ಅಂಚಲ್ಲಿ ಹಿಂದೆ ಸರಿದು ಅಂಟು ಕಾಣುತ್ತದೆ, ಅಂಟಿಗೆ ಕೊಳೆ ಹಿಡಿಯುತ್ತದೆ. ಕಾಸ್ಟ್ ಹಾಳೆ ಎರಕ ಹೊಯ್ದು ಮಾಡಿದ್ದು, ಹಾಗಾಗಿ ಬಾಗಿಸಿದ ಕಡೆಗೆ ಬಾಗಿ ಕೂರುತ್ತದೆ.

ಆದರೆ ಮೌಸ್ ಅಂದರೆ ಎರಡೂ ಕಡೆಗೆ ಬಾಗಿದ ಮೈ, ಚಪ್ಪಟೆ ಹಾಳೆ ಅದರ ಮೇಲೆ ನೆರಿಗೆ ಇಲ್ಲದೆ ಕೂರುವುದು ಕಷ್ಟವೇ. ಹೇರ್ ಡ್ರೈಯರ್ ಬಿಸಿ ಕೊಟ್ಟು ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗಬೇಕು. ಕಾರು ರ‍್ಯಾಪ್ ಮಾಡುವವರು ಕೊನೆಗೆ ಹಾಳೆಯನ್ನು 90 ಡಿಗ್ರಿ ದಾಟಿ ಬಿಸಿ ಮಾಡಿ ಕೂರಿಸುತ್ತಾರೆ, ಇಲ್ಲಿ ಅದು ಆಗದ ಮಾತು. ಎಬಿಎಸ್ ಮೆತ್ತಗಾಗುವುದು ಸುಮಾರು 100 ಡಿಗ್ರಿ ಆಸುಪಾಸಿನಲ್ಲಿ, ತೆಳು ಚಿಪ್ಪು ಅದಕ್ಕೂ ಮೊದಲೇ ಸೊಟ್ಟಗಾಗಬಹುದು. ಒಳಗೆ ಬ್ಯಾಟರಿ ಇದ್ದರೆ ಬಿಸಿಯ ಯೋಚನೆಯೇ ಬೇಡ. ಹಾಗಾಗಿ ಮೌಸ್‌ನ ಮೇಲೆ ಸ್ಕಿನ್ ತುಂಡು ತುಂಡಾಗಿ ಕೂರಿಸಬೇಕು: ಎರಡು ಕ್ಲಿಕ್, ಬೆನ್ನು, ಪಕ್ಕಗಳು. ಜೋಡಣೆಯ ಗೆರೆ ಕಾಣುತ್ತದೆ. ಅದು ಸಹಿಸಲಿಕ್ಕಾಗದವರು ಬಣ್ಣದ ಕಡೆ ಹೋಗಿ.

ಕನ್ನಡಿಯ ಹಾಗೆ ಹೊಳೆಯುವ ಲೋಹದ ಲೇಪ ಇರುವ ಸ್ಕಿನ್ ವೈರ್‌ಲೆಸ್ ಮೌಸ್‌ಗೆ ಬೇಡ. ಲೋಹದ ಪದರ ರೇಡಿಯೊ ಸಿಗ್ನಲ್‌ಗೆ ಅಡ್ಡ ನಿಲ್ಲುತ್ತದೆ.

ಉಳಿದವು

ಸುಲಿಯುವ ರಬ್ಬರ್ ಕೋಟಿಂಗ್, ಅಂದರೆ ಪ್ಲಾಸ್ಟಿ ಡಿಪ್ ಥರದ್ದು, ಕಾರಿನ ಚಕ್ರಕ್ಕೆ ಹೇಳಿ ಮಾಡಿಸಿದ್ದು. ಮೌಸ್‌ಗೆ ಬೇಡ. ಮುಂದೆ ಸುಲಿಯುವಾಗ ಒಂದೇ ಹಾಳೆಯಾಗಿ ಬರಬೇಕೆಂದರೆ ನಾಲ್ಕೈದು ದಪ್ಪ ಕೋಟ್ ಬೇಕು, ಅಷ್ಟು ದಪ್ಪಕ್ಕೆ ಮೌಸ್‌ನಲ್ಲಿ ಜಾಗ ಇಲ್ಲ. ಜೊತೆಗೆ ಉಗುರು ತಾಗಿದ ಕಡೆಯಿಂದ ತಾನೇ ಸುಲಿದುಕೊಳ್ಳುತ್ತದೆ. ವೆಬ್‌ಕ್ಯಾಮ್ ಸ್ಟ್ಯಾಂಡ್‌ಗೋ ಮಾನಿಟರ್ ಹಿಂಭಾಗಕ್ಕೋ ಹೊಡೆಯಿರಿ, ಅಲ್ಲಿ ಇದು ನಿಜಕ್ಕೂ ಒಳ್ಳೆಯದು. ತಪ್ಪಾದರೆ ಕಿತ್ತರಾಯಿತು.

ಹೈಡ್ರೋ ಡಿಪ್ ನೋಡುವುದಕ್ಕೆ ಮಜಾ. ಡಿಸೈನ್ ಮುದ್ರಿಸಿದ, ನೀರಲ್ಲಿ ಕರಗುವ ಪಿವಿಎ ಫಿಲ್ಮನ್ನು ಸುಮಾರು 30 ಡಿಗ್ರಿಯ ನೀರ ಮೇಲೆ ತೇಲಿಬಿಡುತ್ತಾರೆ, ಅದು ನೆನೆದು ಮೆತ್ತಗಾದ ಮೇಲೆ ಆಕ್ಟಿವೇಟರ್ ಸ್ಪ್ರೇ ಮಾಡುತ್ತಾರೆ, ಶಾಯಿ ದ್ರವವಾಗುತ್ತದೆ, ಆಗ ಚಿಪ್ಪನ್ನು ಓರೆಯಾಗಿ ನಿಧಾನಕ್ಕೆ ಮುಳುಗಿಸಿದರೆ ಡಿಸೈನ್ ಎಲ್ಲ ಬಾಗಿನಲ್ಲೂ ಹಿಡಿದುಕೊಳ್ಳುತ್ತದೆ. ಕಾರ್ಬನ್ ಫೈಬರ್, ಮರದ ಗೆರೆ, ಕ್ಯಾಮೊ ಬೇಕಾದರೆ ಬಾಗಿದ ಮೈಗೆ ಇದರಷ್ಟು ಚೆನ್ನಾಗಿ ಇನ್ಯಾವುದೂ ಕೂರುವುದಿಲ್ಲ. ಆದರೆ ಲೆಕ್ಕ ಇಟ್ಟುಕೊಳ್ಳಿ: ಅಡಿಗೆ ಪ್ರೈಮರ್ ಮತ್ತು ಬೇಸ್ ಬಣ್ಣ ಬೇಕು, ಮೇಲೆ ಕ್ಲಿಯರ್ ಬೇಕು. ಅಂದರೆ ಸ್ಪ್ರೇಯ ಎಲ್ಲ ಕೆಲಸ ಮಾಡಿ ಅದರ ಮೇಲೆ ಇದೊಂದು. ಸ್ಪ್ರೇ ಚೆನ್ನಾಗಿ ಬಾರದವರಿಗೆ ಇದೂ ಬರುವುದಿಲ್ಲ. ಮಾಡಿಸುವುದಾದರೆ ಅದನ್ನೇ ಕಸುಬಾಗಿ ಮಾಡುವವರ ಹತ್ತಿರ ಮಾಡಿಸಿ.

ಏರ್‌ಬ್ರಶ್ ಇದ್ದವರು ಈ ಲೇಖನ ಓದಬೇಕಾಗಿಯೇ ಇಲ್ಲ. ಕ್ಯಾನ್‌ಗಿಂತ ತೆಳುವಾಗಿ, ಬೇಕಾದ ಕಡೆಗೆ ಮಾತ್ರ ಹೊಡೆಯಬಹುದು. ಒಂದು ಮೌಸ್‌ಗೋಸ್ಕರ ಕಂಪ್ರೆಸರ್ ತರುತ್ತೇನೆ ಅನ್ನುವುದು ಮಾತ್ರ ಅತಿಯಾಯಿತು. ಬ್ರಶ್‌ನಲ್ಲಿ ಅಕ್ರಿಲಿಕ್ ಬಳಿಯುವುದು ಇಡೀ ಚಿಪ್ಪಿಗೆ ಸಲ್ಲ, ಗೆರೆ ಬೀಳುತ್ತದೆ. ಲೋಗೊ ತುಂಬುವುದು, ಸ್ಕ್ರೋಲ್ ವೀಲ್ ಪಕ್ಕ ಒಂದು ಪಟ್ಟಿ ಎಳೆಯುವುದು, ಚಿತ್ರ ಬಿಡಿಸುವುದು ಇಂಥದ್ದಕ್ಕೆ ಚೆಂದ. ಅಕ್ರಿಲಿಕ್ ಮಾರ್ಕರ್ ಪೆನ್ ಇನ್ನೂ ಸುಲಭ. ಎರಡಕ್ಕೂ ಮೇಲೆ ಕ್ಲಿಯರ್ ಬೇಕು, ಇಲ್ಲದಿದ್ದರೆ ಬೆವರಿಗೇ ಅಳಿಸಿಹೋಗುತ್ತದೆ.

ಕೀಬೋರ್ಡ್ ಆದರೆ

ಕೀಕ್ಯಾಪ್‌ಗಳಿಗೆ ಬಣ್ಣ ಹೊಡೆಯಬೇಡಿ. ಇಡೀ ಟೇಬಲ್ ಮೇಲೆ ಅತಿ ಹೆಚ್ಚು ಏಟು ತಿನ್ನುವ ವಸ್ತು ಅದು. ಅಕ್ಷರಗಳು ಮುಚ್ಚಿಹೋಗುತ್ತವೆ, ಅಡಿಯ ಬೆಳಕು ಬರುವುದಿಲ್ಲ, ಬೆರಳ ತುದಿಯ ಆಕಾರಕ್ಕೆ ಬಣ್ಣ ಸವೆಯುತ್ತದೆ. ಪಿಬಿಟಿ ಕೀಕ್ಯಾಪ್ ಆದರೆ ಬೇರೊಂದು ದಾರಿ ಇದೆ. ಪಾಲಿಯೆಸ್ಟರ್ ಬಟ್ಟೆಗೆ ಹಾಕುವ ಡಿಸ್ಪರ್ಸ್ ಡೈಯನ್ನು ಕುದಿಯುವ ಮಟ್ಟದ ನೀರಲ್ಲಿ ಕಲಸಿ ಅದರಲ್ಲಿ ಅದ್ದಿಡುವುದು. ಪಿಬಿಟಿಯೂ ಪಾಲಿಯೆಸ್ಟರ್ ಬಳಗದ್ದೇ, ಬಣ್ಣ ಒಳಗೆ ಇಳಿಯುತ್ತದೆ, ಮೇಲೆ ಪದರವೇ ಇಲ್ಲದ ಕಾರಣ ಏಳುವುದಕ್ಕೆ ಏನೂ ಇರುವುದಿಲ್ಲ. ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ ಮಾತ್ರ ಹೋಗಬಹುದು. ಅದರ ಪಾತ್ರೆ ಮತ್ತೆ ಅಡುಗೆಗೆ ಬರುವುದಿಲ್ಲ, ನೆನಪಿರಲಿ. ಎಬಿಎಸ್ ಕೀಕ್ಯಾಪನ್ನು ಹೀಗೆ ಕುದಿಸಿದರೆ ಸೊಟ್ಟಗಾಗುತ್ತದೆ.

ಕೇಸ್ ಪ್ಲಾಸ್ಟಿಕ್‌ದಾದರೆ ಮೇಲೆ ಹೇಳಿದ ಸ್ಪ್ರೇ ಅಥವಾ ಡೈ. ಮೌಸ್‌ನಷ್ಟು ಉಜ್ಜಾಟ ಇಲ್ಲದ ಕಾರಣ 1ಕೆ ಕ್ಲಿಯರ್ ಸಾಕಾಗುತ್ತದೆ. ಅಲ್ಯೂಮಿನಿಯಂ ಕೇಸ್ ಆದರೆ ಪೌಡರ್ ಕೋಟಿಂಗ್ ಮಾಡಿಸಿ, ನಿಶ್ಚಿಂತೆ. ಪುಡಿಯನ್ನು ವಿದ್ಯುತ್ ಚಾರ್ಜ್‌ನಿಂದ ಅಂಟಿಸಿ 180-200 ಡಿಗ್ರಿಯ ಓವನ್‌ನಲ್ಲಿ ಕರಗಿಸುತ್ತಾರೆ, ಆ ಬಿಸಿಯನ್ನು ಮೌಸ್‌ನ ಪ್ಲಾಸ್ಟಿಕ್ ಚಿಪ್ಪು ತಡೆಯದು. ಪದರ ದಪ್ಪ ಇರುತ್ತದೆ, ಹಾಗಾಗಿ ಸ್ಕ್ರೂ ತೂತುಗಳನ್ನು ಮುಚ್ಚಿ ಅಂತ ಹೇಳಿ ಕೊಡಿ. ಆನೊಡೈಸಿಂಗ್ (ವಿದ್ಯುತ್ ಹಾಯಿಸಿ ಲೋಹದ ಮೇಲ್ಮೈಯಲ್ಲೇ ಪದರ ಬೆಳೆಸಿ ಬಣ್ಣ ಹಿಡಿಸುವುದು) ಇದಕ್ಕಿಂತ ತೆಳು, ಲೋಹದ ಲುಕ್ ಹಾಗೇ ಉಳಿಯುತ್ತದೆ, ಆದರೆ ಎರಕ ಹೊಯ್ದ ಅಲ್ಯೂಮಿನಿಯಂ ಆದರೆ ಬಣ್ಣ ಮಚ್ಚೆ ಮಚ್ಚೆಯಾಗಿ ಹಿಡಿಯುತ್ತದೆ. ಗಟ್ಟಿಯಿಂದ ಕೊರೆದು ಮಾಡಿದ ಕೇಸ್‌ಗೆ ಮಾತ್ರ ಅದು.

ಶುರು ಮಾಡುವ ಮೊದಲು, ಮುಗಿದ ಮೇಲೆ

ಮೌಸ್‌ನ ಸ್ಕ್ರೂಗಳು ಎಷ್ಟೋ ಮಾಡೆಲ್‌ಗಳಲ್ಲಿ ಅಡಿಯ ನುಣುಪು ಪಾದಗಳ ಕೆಳಗೆ ಅಡಗಿರುತ್ತವೆ. ಆ ಪಾದ ಕಿತ್ತರೆ ಬಾಗುತ್ತದೆ, ಮತ್ತೆ ಅಂಟಿಸಿದರೂ ಮೊದಲಿನ ಹಾಗೆ ಕೂರುವುದಿಲ್ಲ. ಹಾಗಾಗಿ ನಿಮ್ಮ ಮಾಡೆಲ್‌ನ ಹೊಸ ಪಾದಗಳು ಸಿಗುತ್ತವೆಯೇ ಅಂತ ಬಣ್ಣ ಆರಿಸುವ ಮೊದಲೇ ನೋಡಿ. ಸಿಗದಿದ್ದರೆ ಸ್ಕಿನ್ ಕಡೆಗೆ ತಿರುಗುವುದೇ ಜಾಣತನ. ಬ್ಯಾಟರಿ ಇದ್ದರೆ ಮೊದಲು ಅದನ್ನು ಬೇರ್ಪಡಿಸಿ ಇಡಿ. ಬಿಚ್ಚುವಾಗ ಎರಡು ಚಿಪ್ಪಿನ ನಡುವೆ ತೆಳು ರಿಬ್ಬನ್ ಕೇಬಲ್ ಇರಬಹುದು, ಜೋರಾಗಿ ಎಳೆಯಬೇಡಿ.

ಯಾವ ಬಣ್ಣವೇ ಆಗಲಿ, ಮೊದಲು ಒಳಮೈಯ ಒಂದು ಮೂಲೆಯಲ್ಲಿ ಅದೇ ಪ್ರೈಮರ್, ಬಣ್ಣ, ಕ್ಲಿಯರ್ ಹೊಡೆದು ನೋಡಿ. ಒಣಗಿದ ಮೇಲೆ ಬ್ಲೇಡಿನಲ್ಲಿ ಚೌಕುಳಿ ಗೆರೆ ಎಳೆದು, ಮೇಲೆ ಟೇಪ್ ಒತ್ತಿ, ಜೋರಾಗಿ ಕೀಳಿ. ಚೌಕಗಳು ಟೇಪಿಗೆ ಬಂದರೆ ತಳ ಸರಿ ಇಲ್ಲ, ಮತ್ತೆ ಉಜ್ಜಿ ತೊಳೆಯುವಲ್ಲಿಂದ ಶುರು.

ಮುಗಿದ ಮೇಲೆ ಕಾಯುವುದೇ ಎಲ್ಲರಿಗೂ ಕಷ್ಟದ ಭಾಗ. ಒಂದು ಗಂಟೆಗೆ ಬಣ್ಣ ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಒಳಗೆ ಇನ್ನೂ ಹಸಿ ಇರುತ್ತದೆ. ಪ್ಲಾಸ್ಟಿಕ್ ಮೇಲೆ ಮಾಮೂಲಿ ಎನಾಮೆಲ್ ಪೂರ್ತಿ ಗಟ್ಟಿಯಾಗಲು ಐದರಿಂದ ಏಳು ದಿನ ಬೇಕು. ಮೂಗಿನ ಹತ್ತಿರ ಹಿಡಿದಾಗ ಬಣ್ಣದ ವಾಸನೆ ಇನ್ನೂ ಬರುತ್ತಿದ್ದರೆ ಜೋಡಿಸಬೇಡಿ. ಕಾಣದ ಒಂದು ಅಂಚಲ್ಲಿ ಉಗುರು ಒತ್ತಿ, ಗುರುತು ಬಿದ್ದರೆ ಇನ್ನೂ ಎರಡು ದಿನ ಬಿಡಿ. ಮಾಸ್ಕಿಂಗ್ ಟೇಪನ್ನು ಮಾತ್ರ ಅಷ್ಟು ದಿನ ಬಿಡಬಾರದು, ಕೊನೆಯ ಕೋಟ್ ಆಗಿ ಸ್ವಲ್ಪ ಹೊತ್ತಿಗೇ, ಬಣ್ಣ ಇನ್ನೂ ಮೆತ್ತಗಿರುವಾಗಲೇ, ಓರೆಯಾಗಿ ಹಿಂದಕ್ಕೆ ಮಡಚಿ ನಿಧಾನಕ್ಕೆ ತೆಗೆಯಿರಿ. ಗಟ್ಟಿಯಾದ ಮೇಲೆ ಕಿತ್ತರೆ ಅಂಚಿನ ಬಣ್ಣವೂ ಟೇಪಿನ ಜೊತೆ ಎದ್ದು ಬರುತ್ತದೆ. ಸ್ಕ್ರೂ ಹಾಕುವಾಗ ಮೊದಲು ಎಲ್ಲವನ್ನೂ ಸಡಿಲವಾಗಿ ಹಾಕಿ, ಎರಡೂ ಕ್ಲಿಕ್ ಒತ್ತಿ ನೋಡಿ, ಸ್ಕ್ರೋಲ್ ತಿರುಗಿಸಿ ನೋಡಿ, ಎಲ್ಲೂ ಉಜ್ಜುತ್ತಿಲ್ಲ ಅಂತಾದ ಮೇಲೆ ಬಿಗಿ ಮಾಡಿ, ಹೊಸ ಪಾದ ಕೊನೆಗೆ ಅಂಟಿಸಿ.